ಮೊದಲ ಭಾಗ ನೋಡದಿದ್ದರೂ ಕರೆದುಕೊಂಡು ಹೋಗಿ

ಅಕ್ಕಾ, ಏಳು ವರ್ಷದ ಮಗಳು ‘ಇನ್‌ಸೈಡ್ ಔಟ್’ ಅನ್ನೋ ಅನಿಮೇಷನ್ ಸಿನಿಮಾದ ಮೊದಲನೇದು ನೋಡಿಲ್ಲ, ಕಲಬುರಗಿ ಥಿಯೇಟರ್‌ನಲ್ಲಿ ನೇರವಾಗಿ 2024ರ ಎರಡನೇದು ತೋರಿಸಬಹುದಾ, ಹೆದರುತ್ತಾಳಾ ಅಂತ ಕೇಳಿದ್ದೀರಿ. ಧೈರ್ಯವಾಗಿ ಹೋಗಿ.

ಮನೆಯಲ್ಲೇ ಇಷ್ಟು ಹೇಳಿಕೊಡಿ: ರೈಲಿ ಅನ್ನೋ ಹುಡುಗಿಯ ತಲೆಯೊಳಗೆ ಖುಷಿ, ದುಃಖ, ಸಿಟ್ಟು, ಭಯ, ಅಸಹ್ಯ ಕೂತು ಅವಳನ್ನು ನಡೆಸುತ್ತವೆ. ಈಗ ಅವಳಿಗೆ 13 ತುಂಬಿದೆ. ಆತಂಕ, ಹೊಟ್ಟೆಕಿಚ್ಚು, ಬೇಸರ, ಮುಜುಗರ ಹೊಸದಾಗಿ ಬಂದು ಸೇರಿವೆ. 2015ರಲ್ಲಿ ಬಂದ ಮೊದಲ ಭಾಗದ ಕಥೆ ಇದಕ್ಕಿಂತ ಜಾಸ್ತಿ ಬೇಕಾಗಲ್ಲ.

ರಕ್ತಪಾತ ಏನೂ ಇಲ್ಲ. ಒಂದು ದೃಶ್ಯ ಮಾತ್ರ ಗಮನದಲ್ಲಿಡಿ. ಕೊನೆಕೊನೆಗೆ ಹಾಕಿ ಆಟದ ಮಧ್ಯೆ ರೈಲಿಯನ್ನು ಹೊರಗೆ ಕೂರಿಸುತ್ತಾರೆ. ಉಸಿರು ಏರುತ್ತೆ, ಎದೆ ಡವಡವ ಅನ್ನುತ್ತೆ. ತಲೆಯೊಳಗೆ ಕಿತ್ತಳೆ ಬಣ್ಣದ ಆತಂಕ ಸುಂಟರಗಾಳಿ ಥರ ಸುತ್ತುತ್ತಿರುತ್ತೆ, ನಿಲ್ಲೋಕಾಗದೆ ಅದರ ಕಣ್ಣಲ್ಲೇ ನೀರು. ಆಗ ಮಗಳ ಕೈ ಹಿಡಿದುಕೊಳ್ಳಿ. ನನಗಂತೂ ಇಡೀ ಸಿನಿಮಾದಲ್ಲಿ ಮನಸ್ಸಿಗೆ ನಾಟಿದ್ದು ಇದೇ. ಪರೀಕ್ಷೆ ಅಂದ್ರೆ ಹೊಟ್ಟೆನೋವು ಅನ್ನೋ ಮಕ್ಕಳು ನಮ್ಮ ಮನೆಗಳಲ್ಲೂ ಇದ್ದಾರೆ, ಅಲ್ವಾ? ಅವರನ್ನು ಸುಮ್ನೆ ಗದರಿಸಬಾರದು ಅನಿಸುತ್ತೆ.

ಹಿಂದಿ ಶೋ ಇದ್ದರೆ ಅದನ್ನೇ ತಗೊಳ್ಳಿ. ನಮ್ಮ ಕಡೆ ಮಕ್ಕಳಿಗೆ ಓಣಿಯಲ್ಲೇ ಹಿಂದಿ ಕಿವಿಗೆ ಬಿದ್ದಿರುತ್ತೆ. ಸಿನಿಮಾ ಒಂದೂವರೆ ಗಂಟೆ ಚಿಲ್ಲರೆ. ಮ್ಯಾಟಿನಿ ನೋಡಿಕೊಂಡು ಶರಣಬಸವೇಶ್ವರ ಕೆರೆ ಕಡೆ ಹೋಗಿ ಕೂತುಕೊಳ್ಳಿ, ಅವಳ ಪ್ರಶ್ನೆಗಳಿಗೆ ಟೈಮ್ ಬೇಕಾಗುತ್ತೆ.