ತೊಳೆದು ಎರಡು ದಿನಕ್ಕೇ ಚೈನು ಕೆಂಪಗಾಗ್ತದೆ, ಎಣ್ಣೆ ಯಾವುದು ಹಾಕ್ಲಿ?

ನಿಮ್ಮ ಪ್ರಶ್ನೆ ನನಗೆ ಅರ್ಥ ಆದದ್ದು ಹೀಗೆ. ಹುಬ್ಬಳ್ಳಿಯಿಂದ ಕಾರವಾರಕ್ಕೆ ಬಂದು ಆರು ತಿಂಗಳು, ಬೈತಖೋಲ ಕಡೆ ರೂಮು, 150 ಸಿಸಿ ಬೈಕು, ಚೈನಿಗೆ ಪೂರ್ತಿ ಕವರ್ ಇಲ್ಲ. ಭಾನುವಾರ ತೊಳೀತೀರಿ, ಮಂಗಳವಾರ ಬೆಳಿಗ್ಗೆ ನೋಡಿದ್ರೆ ಚೈನು ಕೆಂಪು, ಓಡ್ಸಿದ್ರೆ ಕಿರ್ ಕಿರ್. ಒಬ್ಬ ಮೆಕ್ಯಾನಿಕ್ ಹಳೆ ಇಂಜಿನ್ ಆಯಿಲ್ ಬಿಡಿ ಅಂದ, ಇನ್ನೊಬ್ಬ ಚೈನಿಗಂತ್ಲೇ ಸಿಗೋ ಎಣ್ಣೆ ಸ್ಪ್ರೇ ತಗೊಳ್ಳಿ ಅಂದ, ರೂಮ್‌ಮೇಟ್ ಚಿಮಣಿ ಎಣ್ಣೆ ಮುಟ್ಟಿಸಿದ್ರೆ ಒಳಗಿನ ರಬ್ಬರ್ ಹೋಗ್ತದೆ ಅಂದ. ಕೊನೆಗೆ ಕಿಟ್ಟೇ, ಅಂದ್ರೆ ಚೈನು ಮತ್ತೆ ಅದು ಸುತ್ತೋ ಎರಡು ಹಲ್ಲಿನ ಚಕ್ರ (ಸ್ಪ್ರಾಕೆಟ್) ಎಲ್ಲ, ಬದಲಿಸ್ಬೇಕಾ ಅಂತ ಕೇಳಿದೀರಿ.

ನಾನು ಕುಮಟೆಯವ, ಕೆಲಸ ಶಿರಸೀಲಿ. ವಾರಕ್ಕೆ ಎರಡು ಸಲ ದೇವಿಮನೆ ಘಟ್ಟ ಹತ್ತಿ ಇಳಿಯೋದು, ಒಂದು ದಿಕ್ಕಿಗೆ ಹತ್ರಹತ್ರ 60 ಕಿಲೋಮೀಟರು. ಕೆಳಗೆ ಉಪ್ಪುಗಾಳಿ, ಮೇಲೆ ಕೆಮ್ಮಣ್ಣಿನ ಕೆಸರು, ಎರಡೂ ನನ್ನ ಚೈನು ತಿಂದದ್ದುಂಟು. ಮೆಕ್ಯಾನಿಕ್ ಅಲ್ಲ ನಾನು, ಎರಡು ಚೈನು ಹಾಳು ಮಾಡಿ ಕಲ್ತವ.

ಎಣ್ಣೆ ಯಾವುದು ಅಂತ ಆಮೇಲೆ ನೋಡೋಣ, ಮೊದಲು ನೀರಿನ ಕತೆ. ಭಾನುವಾರ ಶಾಂಪೂ ಹಾಕಿ ತಿಕ್ಕಿ ಇದ್ದ ಎಣ್ಣೆ ಪಸೆಯನ್ನೂ ತೆಗೆದು, ಒದ್ದೆ ಚೈನನ್ನ ಹಾಗೇ ಸ್ಟ್ಯಾಂಡ್ ಹಾಕಿ ಬಿಟ್ಟು ಊಟಕ್ಕೆ ಹೋದ್ರೆ ಅದು ಕೆಂಪಗಾಗ್ದೆ ಎಂತ ಮಾಡ್ಬೇಕು? ಹುಬ್ಬಳ್ಳೀಲಿ ಬಿಸಿಲಿಗೆ ಒಣಗ್ತಿತ್ತು, ನಡೀತಿತ್ತು. ಇಲ್ಲಿ ಗಾಳಿಯೇ ಒದ್ದೆ, ಅದರಲ್ಲಿ ಉಪ್ಪು ಬೇರೆ. ಉಪ್ಪು ತಿಂದವ ನೀರು ಕುಡೀಲೇಬೇಕು ಅಂತಾರಲ್ಲ, ನಿಮ್ಮ ಚೈನು ಮಾಡೋದೂ ಅದನ್ನೇ. ಮೇಲೆ ಕೂತ ಉಪ್ಪು ಗಾಳಿಯಿಂದ ತೇವ ಎಳ್ಕೊಂಡು ಕಬ್ಬಿಣವನ್ನ ಒದ್ದೆಯಾಗೇ ಇಡ್ತದೆ, ಮಳೆ ಬರ್ದಿದ್ರೂ ಸೈತ. ಮತ್ತೆ ಹೈವೇಲಿ ಮೀನು ಲಾರಿ ಹಿಂದೆ ಹೋಗ್ತೀರಾ? ಅದರ ಹಿಂದೆ ಸುರಿಯೋ ನೀರು ಮಂಜುಗಡ್ಡೆ ಕರಗಿದ್ದು ಮಾತ್ರ ಅಲ್ಲ, ಉಪ್ಪೂ ಇರ್ತದೆ. ಓವರ್‌ಟೇಕ್ ಮಾಡಿ ಇಲ್ಲ ಹಿಂದೆ ಉಳೀರಿ.

ಇಲ್ಲೊಂದು ವಿಷಯ ಸುಮಾರು ಜನ ತಪ್ಪು ಮಾಡ್ತಾರೆ, ನಾನೂ ಮಾಡ್ತಿದ್ದೆ. ಚಿಮಣಿ ಎಣ್ಣೆ, ಡೀಸೆಲ್ಲು, ಕ್ಲೀನರ್ ಸ್ಪ್ರೇ ಇವೆಲ್ಲ ಜಿಡ್ಡು ಬಿಡಿಸ್ತವೆ, ಉಪ್ಪು ಬಿಡಿಸೋದಿಲ್ಲ. ಉಪ್ಪು ಕರಗೋದು ನೀರಿಗೆ ಮಾತ್ರ. ಹಾಗಾಗಿ ಕರಾವಳೀಲಿ ನೀರು ಹಾಕ್ಲೇಬೇಕು, ಆದ್ರೆ ನೀರಿನಲ್ಲಿ ನಿಲ್ಲಿಸ್ಬಾರ್ದು. ಒಂದು ಬಕೆಟ್ ಸಿಹಿನೀರು, ಚೊಂಬಲ್ಲಿ ಹೊಯ್ದು ಬ್ರಷ್ಷಲ್ಲಿ ಉಜ್ಜಿದ್ರೆ ಸಾಕು. ಕಡಲ ಹತ್ರದ ಬಾವಿ ಕೆಲವು ಬೇಸಿಗೇಲಿ ಉಪ್ಪಾಗ್ತವೆ, ಅದರ ನೀರು ಬೇಡ. ವಾಷಿಂಗ್ ಸೆಂಟರಿನ ಪ್ರೆಶರ್ ಗನ್ ಚೈನಿಗೆ ಹಿಡೀಲಿಕ್ಕೆ ಬಿಡ್ಲೇಬೇಡಿ, ಆ ಒತ್ತಡದ ನೀರು ಕೊಂಡಿ ಸಂದಿಯ ರಬ್ಬರ್ ರಿಂಗ್ ದಾಟಿ ಒಳಗೆ ಹೋದ್ರೆ ಹೊರಗೆ ಬರೋ ದಾರಿ ಇಲ್ಲ. ಉಜ್ಜಿ ಆದ್ಮೇಲೆ ಹಳೆ ಬನಿಯನ್ನಲ್ಲಿ ಒರೆಸಿ, ಬೈಕ್ ತಗೊಂಡು ಒಂದು ನಾಲ್ಕು ಕಿಲೋಮೀಟರ್ ಹೋಗಿ ಬನ್ನಿ, ಟಾಗೋರ್ ಬೀಚ್ ಕಡೆ ಅಲ್ಲ, ಊರ ಒಳಗೆ. ತಿರುಗಿ ತಿರುಗಿ ನೀರು ಹಾರಿ ಹೋಗ್ತದೆ, ಚೈನು ಸ್ವಲ್ಪ ಬೆಚ್ಚಗೂ ಆಗ್ತದೆ. ಆ ಬಿಸಿ ಬೇಕು, ಬೆಚ್ಚಗಿದ್ದಾಗ ಎಣ್ಣೆ ಸಂದಿಗೆ ಚೆನ್ನಾಗಿ ಇಳೀತದೆ.

ಈಗ ರಬ್ಬರಿನ ವಿಷಯ. ಚೈನಿನ ಹತ್ರ ಕೂತು ಒಂದು ಕೊಂಡಿಯನ್ನ ಮೇಲಿಂದ ನೋಡಿ. ಹೊರಗಿನ ಪಟ್ಟಿಗೂ ಒಳಗಿನ ಪಟ್ಟಿಗೂ ನಡುವೆ ಸಣ್ಣ ಕಪ್ಪು ಗೆರೆ ಕಾಣ್ತದಾ? ಅದೇ ಓ-ರಿಂಗ್. ಕೊಂಡಿ ಜೋಡಿಸೋ ಪಿನ್ನಿಗೂ ಅದರ ಸುತ್ತ ಇರೋ ಕೊಳವೆ, ಅಂದ್ರೆ ಬುಷ್ಷಿಗೂ ಮಧ್ಯ ಫ್ಯಾಕ್ಟರೀಲಿ ಗ್ರೀಸ್ ತುಂಬಿ ಈ ರಿಂಗಲ್ಲಿ ಬಾಯಿ ಮುಚ್ಚಿರ್ತಾರೆ, ನೀವು ಹಾಕೋ ಎಣ್ಣೆ ಅಲ್ಲಿಗೆ ಹೋಗೋದೂ ಇಲ್ಲ, ಹೋಗ್ಬೇಕಾಗೂ ಇಲ್ಲ. ನೀವು ಹಾಕೋದು ಬುಷ್ಷಿನ ಮೇಲೆ ತಿರುಗೋ ರೋಲರ್ ಮತ್ತೆ ಸ್ಪ್ರಾಕೆಟ್ ಹಲ್ಲು ತಿಕ್ಕಾಡೋ ಜಾಗಕ್ಕೆ, ರಿಂಗ್ ಒಣಗ್ದೆ ಇರ್ಲಿ ಅಂತ, ಪಟ್ಟಿಗೆ ತುಕ್ಕು ಹಿಡೀದಿರ್ಲಿ ಅಂತ, ಅಷ್ಟಕ್ಕೆ. ಗೆರೆ ಕಾಣ್ದೆ ಇದ್ರೆ ಅದು ಸಾದಾ ಚೈನು, ಅದಕ್ಕೆ ಎಣ್ಣೆ ಪಿನ್ನಿನವರೆಗೆ ಇಳೀಬೇಕು, ಸಂದಿಗೆ ಇಳಿಯೋವಷ್ಟು ತೆಳು ಇರ್ಬೇಕು ಮತ್ತೆ ಪದೇ ಪದೇ ಹಾಕ್ಬೇಕು.

ರೂಮ್‌ಮೇಟ್ ಹೇಳಿದ್ದು ಅರ್ಧ ಸರಿ. ಪೆಟ್ರೋಲು, ಥಿನ್ನರು ಆ ರಿಂಗನ್ನ ಹಾಳು ಮಾಡ್ತವೆ. ಚಿಮಣಿ ಎಣ್ಣೆ ನಡೀತದೆ, ಎಷ್ಟೋ ಬೈಕಿನ ಮ್ಯಾನುಯಲ್ಲಲ್ಲೇ ಅದನ್ನ ಬರೆದಿರ್ತಾರೆ, ನೆನೆಹಾಕಿ ಇಡ್ಬಾರ್ದು ಅಷ್ಟೇ. ಬ್ರಷ್ಷಲ್ಲಿ ಹಚ್ಚಿ, ಉಜ್ಜಿ, ಕೂಡ್ಲೇ ಒರೆಸಿ. ಈಗ ಚಿಮಣಿ ಎಣ್ಣೆ ಸಿಗೋದೇ ಕಷ್ಟ, ನಾನು ಸುಮಾರು ಸಲ ಡೀಸೆಲ್ಲೇ ಬಳಸ್ತೇನೆ, ಅದರ ಪಸೆ ಬೇಗ ಹೋಗಲ್ಲ, ಎರಡು ಸಲ ಒರೆಸ್ಬೇಕು. ಬ್ರಷ್ ಅಂದ್ರೆ ಹಲ್ಲುಜ್ಜೋದು ಅಥವಾ ನೈಲಾನಿಂದು. ತಂತಿ ಬ್ರಷ್ ಬೇಡ, ಅದು ರಿಂಗನ್ನ ಕೊಯ್ದು ಹಾಕ್ತದೆ, ತುಕ್ಕು ಹೋದದ್ದು ನೋಡಿ ಖುಷಿ ಆಗ್ತದೆ, ಎರಡು ತಿಂಗಳಿಗೆ ಗ್ರೀಸ್ ಹೊರಗೆ ಬರ್ತದೆ.

ಚಕ್ರ ತಿರುಗಿಸ್ಲಿಕ್ಕೆ ಇಂಜಿನ್ ಸ್ಟಾರ್ಟ್ ಮಾಡಿ ಗೇರಿಗೆ ಹಾಕ್ತಾರಲ್ಲ, ಅದು ಮಾತ್ರ ಯಾವತ್ತೂ ಬೇಡ. ನಮ್ಮ ಕಡೆ ಒಬ್ಬರ ತೋರುಬೆರಳಿನ ತುದಿ ಇಲ್ಲ. ಬಟ್ಟೆ ಹಿಡ್ಕೊಂಡು ಒರೆಸ್ತಿದ್ರು, ಬಟ್ಟೆ ಸ್ಪ್ರಾಕೆಟ್ಟಿಗೆ ಹೋಯ್ತು, ಬಟ್ಟೆ ಜೊತೆ ಬೆರಳೂ ಹೋಯ್ತು. ಇಂಜಿನ್ ಬಂದ್, ನ್ಯೂಟ್ರಲ್, ಸೆಂಟರ್ ಸ್ಟ್ಯಾಂಡ್, ಕೈಯಲ್ಲಿ ಚಕ್ರವನ್ನ ಹಿಂದಕ್ಕೆ ತಿರುಗಿಸಿ. ಸೆಂಟರ್ ಸ್ಟ್ಯಾಂಡ್ ಇಲ್ದಿದ್ರೆ ಬೈಕನ್ನ ಒಂದೊಂದು ಹೆಜ್ಜೆ ದೂಡ್ತಾ ಮಾಡಿ, ಅರ್ಧ ಗಂಟೆ ಹೆಚ್ಚು ಹಿಡೀತದೆ, ಹಿಡೀಲಿ.

ಎಣ್ಣೆ ಹಾಕ್ಬೇಕಾದ ಜಾಗ ಚೈನಿನ ಒಳಮೈ, ಅಂದ್ರೆ ಎರಡು ಸ್ಪ್ರಾಕೆಟ್ ನಡುವೆ ಚೈನಿನ ಕೆಳಗಿನ ಓಟದಲ್ಲಿ ಮೇಲ್ಮುಖ ಆಗಿರೋ ಭಾಗ, ಸ್ಪ್ರಾಕೆಟ್ ಹಲ್ಲಿಗೆ ತಾಗೋ ಬದಿ. ಓಡುವಾಗ ಎಣ್ಣೆ ಹೊರಗೆ ಎಸೀತದೆ, ಒಳಗಿಂದ ಹಾಕಿದ್ರೆ ಹೊರಗೆ ಹೋಗ್ತಾ ಹೋಗ್ತಾ ರೋಲರ್ ಸಂದಿಗೆ ಸಿಗ್ತದೆ, ಹೊರಗಿಂದ ಹಾಕಿದ್ರೆ ನೇರ ನಿಮ್ಮ ಪ್ಯಾಂಟಿಗೆ. ಎರಡು ಸಾಲು, ಎಡ ಪಟ್ಟಿ ಸಂದಿಗೊಂದು ಬಲ ಪಟ್ಟಿ ಸಂದಿಗೊಂದು, ಚಕ್ರ ನಿಧಾನ ತಿರುಗಿಸ್ತಾ ಚೈನು ಒಂದು ಪೂರ್ತಿ ಸುತ್ತು ಬಂದ್ರೆ ಆಯ್ತು. ಹಿಂದೆ ಟೈರಿಗೆ, ಡಿಸ್ಕಿಗೆ ಸ್ಪ್ರೇ ಹಾರ್ದಿರ್ಲಿ ಅಂತ ನಾನು ಒಂದು ಅಡಿಕೆ ಹಾಳೆ ಅಡ್ಡ ಇಡ್ತೇನೆ, ರಟ್ಟಿನ ಹಾಗೆ ನೆನೆಯೋದಿಲ್ಲ, ಕೆಳಗೆ ಇನ್ನೊಂದು ಇಟ್ರೆ ಅಂಗಳದಲ್ಲಿ ಕಲೆಯೂ ಆಗಲ್ಲ, ಅಮ್ಮನ ಬೈಗುಳವೂ ಇಲ್ಲ. ಟೈರಿಗೆ ಎಣ್ಣೆ ತಾಗಿದ ಬೈಕಲ್ಲಿ ಘಟ್ಟದ ತಿರುವು ಇಳಿಯೋದು ಎಂತ ಅನುಭವ ಅಂತ ನಾನು ಒಂದು ಸಲ ನೋಡಿದೇನೆ, ಬಿದ್ದಿಲ್ಲ, ಆದ್ರೆ ಹೆಲ್ಮೆಟ್ ಒಳಗೆ ದೇವರ ಹೆಸರು ಎಲ್ಲಾ ಬಂತು.

ಹಾಕಿ ಆದ್ಮೇಲೆ ರಾತ್ರಿ ಪೂರ್ತಿ ಬಿಡಿ. ಅದಕ್ಕೇ ನಾನು ಈ ಕೆಲಸ ಸಂಜೆ ಮನೆಗೆ ಬಂದ ಕೂಡ್ಲೇ ಮಾಡೋದು, ಬೆಳಿಗ್ಗೆ ಹೊರಡುವಾಗ ಅಲ್ಲ. ಬೆಳಿಗ್ಗೆ ಹಾಕಿ ಹೊರಟ್ರೆ ಹತ್ತು ನಿಮಿಷದಲ್ಲಿ ಅರ್ಧ ಎಣ್ಣೆ ರಿಮ್ಮಿನ ಮೇಲಿರ್ತದೆ. ಬೆಳಿಗ್ಗೆ ಹೊರಗಿನ ಮೈ ಒಂದು ಸಲ ಒರೆಸಿ, ಕಾಣೋ ಎಣ್ಣೆ ಎಲ್ಲ ಹೆಚ್ಚಿಗೆಯದ್ದೇ.

ಯಾವ ಎಣ್ಣೆ? ಹಳೆ ಇಂಜಿನ್ ಆಯಿಲ್ ಬೇಡ. ಅದರಲ್ಲಿ ಇಂಜಿನ್ನಿನ ಮಸಿ, ಲೋಹದ ಪುಡಿ ಎಲ್ಲ ಇರ್ತದೆ, ಜೊತೆಗೆ ತೆಳು, ಹಾರ್ತದೆ. ಹೊನ್ನಾವರದಲ್ಲಿ ಒಂದು ಮದುವೆಗೆ ಬಿಳಿ ಪಂಚೆ ಉಟ್ಕೊಂಡು ಹೋಗಿ ಇಳಿದು ನೋಡಿದ್ರೆ ಹಿಂದೆ ಮೊಣಕಾಲಿನಿಂದ ಕೆಳಗೆ ರಂಗೋಲಿ ಚುಕ್ಕಿ ಇಟ್ಟ ಹಾಗೆ ಆಗಿತ್ತು, ಊಟದ ಪಂಕ್ತೀಲಿ ಕೂತವನು ಕೊನೆವರೆಗೂ ಏಳ್ಲಿಲ್ಲ. 90 ನಂಬರ್ ಗೇರ್ ಆಯಿಲ್ ಕೇಳಿ, ಆಟೋ ಪಾರ್ಟ್ಸ್ ಅಂಗಡೀಲಿ ಸಿಗ್ತದೆ, ಸ್ಪ್ರೇಗಿಂತ ಅಗ್ಗ, ಒಂದು ಲೀಟರ್ ವರ್ಷಗಟ್ಟಲೆ ಬರ್ತದೆ. ನನ್ನ ಲೆಕ್ಕ ಹೀಗೆ: ಚವತಿ ಕಳೆದು ಮಳೆ ಹಿಂದೆ ಸರಿದ ಮೇಲೆ ಮೇ ತನಕ ಗೇರ್ ಆಯಿಲ್ಲು, ತೆಳುವಾಗಿ ಹಚ್ಚಿ ಒರೆಸಿ. ಬೇಸಿಗೇಲಿ ಅಂಟಂಟು ಸ್ಪ್ರೇ ಹಾಕಿದ್ರೆ ಚಿರೆಕಲ್ಲಿನ ಧೂಳು ಅದಕ್ಕೆ ಮೆತ್ತಿ ಒರಳಲ್ಲಿ ಹಾಕಿ ರುಬ್ಬಿದ ಹಾಗೆ ಹಲ್ಲು ತಿಂತದೆ. ಮಳೆಗಾಲಕ್ಕೆ ಮಾತ್ರ ಸ್ಪ್ರೇ, ಯಾಕಂದ್ರೆ ವರ್ಷಕ್ಕೆ 3000 ಮಿಲಿಮೀಟರಿಗೂ ಮೇಲೆ ಮಳೆ ಬೀಳೋ ಊರಲ್ಲಿ ಗೇರ್ ಆಯಿಲ್ ಎರಡು ದಿನಕ್ಕೆ ತೊಳ್ಕೊಂಡು ಹೋಗ್ತದೆ, ಆಗ ಅಂಟು ಇದ್ದದ್ದೇ ಉಪಕಾರ. ಡಬ್ಲ್ಯೂಡಿ 40 ಅನ್ನೋ ಸ್ಪ್ರೇಯನ್ನ ಚೈನಿನ ಎಣ್ಣೆ ಅಂತ ತಿಳ್ಕೊಂಡವರು ಸುಮಾರು ಜನ, ಅದು ನೀರು ಓಡಿಸ್ತದೆ ಹೌದು, ತಾಳೋದಿಲ್ಲ, ಅದರ ಮೇಲೆ ಮತ್ತೆ ಎಣ್ಣೆ ಬೇಕೇ ಬೇಕು.

ಒಣ ದಿನಗಳಲ್ಲಿ 500 ಕಿಲೋಮೀಟರಿಗೊಂದು ಸಲ ಸಾಕು. ಜೂನಿನಿಂದ 200-300ಕ್ಕೇ, ಮತ್ತೆ ಜಡಿಮಳೇಲಿ ನೆನೆದು ಬಂದ ದಿನ ಒರೆಸಿ ಸ್ವಲ್ಪ ಹಚ್ಚಿ ಮಲಗಿ. ಎಲ್ಲ ಸಲವೂ ಡೀಸೆಲ್ ಹಾಕಿ ತಿಕ್ಕೋ ಸ್ನಾನ ಬೇಡ.

ಎಣ್ಣೆ ಹಾಕುವಾಗ್ಲೇ ಸಡಿಲನೂ ನೋಡಿ. ಕೆಳಗಿನ ಓಟದ ನಡುವೆ ಬೆರಳಲ್ಲಿ ಮೇಲೆ ಕೆಳಗೆ ಮಾಡಿದ್ರೆ ಸಾಮಾನ್ಯವಾಗಿ 20ರಿಂದ 30 ಮಿಲಿಮೀಟರ್ ಆಡ್ಬೇಕು, ನಿಮ್ಮ ಬೈಕಿಂದು ಹಿಂದಿನ ಚಕ್ರ ಹಿಡಿದಿರೋ ತೋಳಿನ (ಸ್ವಿಂಗ್‌ಆರ್ಮ್) ಮೇಲೆ ಸ್ಟಿಕ್ಕರಲ್ಲೋ ಮ್ಯಾನುಯಲ್ಲಲ್ಲೋ ಇರ್ತದೆ, ಅದೇ ಕೊನೆ ಮಾತು. ಒಂದೇ ಕಡೆ ನೋಡಿ ಬಿಡ್ಬೇಡಿ, ಚಕ್ರ ತಿರುಗಿಸಿ ನಾಲ್ಕು ಕಡೆ ನೋಡಿ, ಎಲ್ಲಿ ಅತಿ ಬಿಗಿ ಇದೆಯೋ ಅಲ್ಲಿ ಅಳತೆ ಸರಿ ಮಾಡಿ. ಬಿಗಿ ಮಾಡಿದಷ್ಟು ಒಳ್ಳೇದು ಅಂತ ಎಳೆದು ಕಟ್ಟಿದ್ರೆ ಮುಂದಿನ ಸ್ಪ್ರಾಕೆಟ್ ಹಿಂದಿನ ಬೇರಿಂಗ್ ಹೋಗ್ತದೆ.

ಸಡಿಲ ಬಿಟ್ಟದ್ದರ ಫಲ ನಾನು ಉಂಡದ್ದು ಶಿರಸಿ ದಾರಿಯ ರಾಗಿಹೊಸಳ್ಳಿ ಹತ್ರ. ಹಳೆ 100 ಸಿಸಿ ಬೈಕು, ಪೂರ್ತಿ ಮುಚ್ಚಿದ ಚೈನ್ ಕವರು, ಮುಚ್ಚಿದೆ ಅಲ್ದಾ ಅಂತ ಎರಡು ಮಳೆಗಾಲ ಒಳಗೆ ಇಣುಕಿರ್ಲಿಲ್ಲ. ಜುಲೈ, ಸಂಜೆ, ರಸ್ತೆ ಕಾಣ್ದಷ್ಟು ಮಳೆ, ಹಿಂದಿನ ಚಕ್ರ ಒಂದು ಹೊಂಡಕ್ಕೆ ಇಳೀತು, ಕಟಕ್ ಅಂತು, ಚಕ್ರ ಕಟ್ಟಿ ಹಾಕಿದ ಹಾಗೆ ನಿಂತೋಯ್ತು. ಇಪ್ಪತ್ತು ಸ್ಪೀಡಲ್ಲಿದ್ದೆ, ಬದುಕ್ದೆ. ಕವರ್ ಬಿಚ್ಚಿದ್ರೆ ಒಳಗೆ ಸಗಣಿ ಮೆತ್ತಿದ ಹಾಗೆ ಕೆಮ್ಮಣ್ಣು, ಚೈನು ಸ್ಪ್ರಾಕೆಟ್ ಬಿಟ್ಟು ಕವರಿನ ಮಧ್ಯ ಮಡಚಿ ಕೂತಿತ್ತು. ಚೈನಿನ ಎರಡು ತುದಿ ಜೋಡಿಸೋ ಲಾಕಿನ ಕ್ಲಿಪ್ಪು ಉಲ್ಟಾ ಹಾಕಿದ್ದು ಆವತ್ತೇ ಗೊತ್ತಾದದ್ದು. ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಓಡೋ ದಿಕ್ಕಿಗೆ ಇರ್ಬೇಕು, ಬಾಯಿ ಹಿಂದಕ್ಕೆ. ನಿಮ್ಮದಕ್ಕೆ ಕ್ಲಿಪ್ ಇದ್ರೆ ಇವತ್ತೇ ನೋಡಿ.

ಕಿಟ್ ಬದಲಿಸ್ಬೇಕಾ ಅನ್ನೋದಕ್ಕೆ ತುಕ್ಕಿನ ಬಣ್ಣ ನೋಡಿ ಹೇಳ್ಲಿಕ್ಕಾಗಲ್ಲ. ಚೈನು ಉದ್ದ ಆಗೋದು ಅಂದ್ರೆ ಪಟ್ಟಿ ಹಿಗ್ಗೋದಲ್ಲ, ಒಳಗೆ ಪಿನ್ನು, ಬುಷ್ಷು ಸವೆಯೋದು. ಒಂದೊಂದು ಕೊಂಡೀಲಿ ಮಿಲಿಮೀಟರಿನ ಹತ್ತನೇ ಒಂದು ಪಾಲು ಸವೆದ್ರೂ 120 ಕೊಂಡಿಗೆ 12 ಮಿಲಿಮೀಟರ್ ಆಯ್ತು. ಹಿಂದಿನ ಸ್ಪ್ರಾಕೆಟ್ಟಿನ ಹಿಂಬದಿ ಮಧ್ಯದಲ್ಲಿ ಚೈನನ್ನ ಬೆರಳಲ್ಲಿ ಹಿಂದಕ್ಕೆ ಎಳೀರಿ, ಅರ್ಧ ಹಲ್ಲು ಕಾಣುವಷ್ಟು ಎದ್ದು ಬಂದ್ರೆ ಮುಗೀತು. ಹಲ್ಲು ಒಂದು ಬದಿಗೆ ಬಾಗಿ ಕೊಕ್ಕೆ ಹಾಗಾಗಿದ್ರೂ ಮುಗೀತು. ಆಗ ಚೈನೊಂದೇ ಬದಲಿಸಿ ದುಡ್ಡು ಉಳಿಸ್ಲಿಕ್ಕೆ ಹೋಗ್ಬೇಡಿ, ಹಳೆ ಹಲ್ಲು ಹೊಸ ಚೈನನ್ನ ತಿಂತದೆ. ಎದ್ದು ಬರ್ಲಿಲ್ಲ, ಹಲ್ಲು ನೆಟ್ಟಗಿದೆ, ಯಾವ ಕೊಂಡಿಯೂ ಮಡಚಿ ಗಟ್ಟಿ ನಿಂತಿಲ್ಲ ಅಂತಾದ್ರೆ ಅದು ಮೇಲ್ಮೈ ತುಕ್ಕು ಅಷ್ಟೇ, ನಾಳೆ ಸಂಜೆ ನೀರು, ನಾಲ್ಕು ಕಿಲೋಮೀಟರು, ಡೀಸೆಲ್ಲು, ಎಣ್ಣೆ. ಒಂದೆರಡು ಕೊಂಡಿ ಗಟ್ಟಿ ಇದ್ರೆ ಎಣ್ಣೆ ಹಾಕಿ ಕೈಯಲ್ಲಿ ಆಡಿಸಿ ನೋಡಿ, ಮಾರನೇ ದಿನವೂ ಹಾಗೇ ಇದ್ರೆ ಒಳಗೆ ನೀರು ಹೋಗಿದೆ, ಆ ಚೈನಿಗೆ ಮತ್ತೆ ಎಣ್ಣೆ ಖರ್ಚು ಮಾಡ್ಬೇಡಿ.