ಗ್ರೀಸ್‌ನ ಕಾಸ್ಟೆಲ್ಲೊರಿಜೊ ಎಲ್ಲಿದೆ? ಅಲ್ಲಿ ಜನ ಯಾಕಿಷ್ಟು ಕಡಿಮೆ?

ಇದು ಗ್ರೀಸ್‌ನ ಪೂರ್ವ ತುದಿಯ ಪುಟ್ಟ ದ್ವೀಪ. ವಿಸ್ತೀರ್ಣ ಸುಮಾರು 9 ಚದರ ಕಿ.ಮೀ., ಇರೋದು ಒಂದೇ ಊರು. ಗ್ರೀಸ್‌ನದೇ ಆದ ರೋಡ್ಸ್ ದ್ವೀಪ 120 ಕಿ.ಮೀ.ಗೂ ದೂರ, ಆದರೆ ಎದುರಿಗಿರುವ ಟರ್ಕಿಯ ಕಾಶ್ ಪಟ್ಟಣ ಕೆಲವೇ ಕಿ.ಮೀ. ಆಚೆ! ಬರೀ ಸುಣ್ಣಕಲ್ಲಿನ ಗುಡ್ಡ, ಹೊಳೆ-ಹಳ್ಳ ಇಲ್ಲ. ಹಿಂದೆಲ್ಲ ತೊಟ್ಟಿಯಲ್ಲಿ ಹಿಡಿದಿಟ್ಟ ಮಳೆನೀರೇ ಗತಿ. ಹಾಗಾಗಿ ಊರು ಬೆಳೆದದ್ದು ಬೇಸಾಯದಿಂದಲ್ಲ, ಒಳ್ಳೆಯ ಬಂದರು ಮತ್ತು ಹಡಗು ವ್ಯಾಪಾರದಿಂದ.

20ನೇ ಶತಮಾನದ ಆರಂಭದಲ್ಲಿ ಇಲ್ಲಿ ಸುಮಾರು 9-10 ಸಾವಿರ ಜನ ಇದ್ದರು. ಆಮೇಲೆ ಒಂದರ ಮೇಲೊಂದು ಪೆಟ್ಟು. 1915ರಲ್ಲಿ ದ್ವೀಪ ಫ್ರೆಂಚರ ವಶವಾಯಿತು, 1921ರಲ್ಲಿ ಇಟಲಿಯ ವಶ. ಎದುರು ದಡದ ಅನಟೋಲಿಯಾದ (ಟರ್ಕಿಯ ಏಷ್ಯಾ ಭಾಗ) ಜೊತೆಗಿನ ವ್ಯಾಪಾರ ಕುಸಿಯಿತು. ಜನ ಆಸ್ಟ್ರೇಲಿಯಾದ ಪರ್ತ್, ಸಿಡ್ನಿಗಳಿಗೆ ವಲಸೆ ಹೋದರು. 1943ರಲ್ಲಿ ಜರ್ಮನ್ ಬಾಂಬ್ ದಾಳಿ ಶುರುವಾದಾಗ ಉಳಿದವರನ್ನು ಸೈಪ್ರಸ್‌ಗೆ, ಅಲ್ಲಿಂದ ಗಾಜಾದ ನಿರಾಶ್ರಿತರ ಶಿಬಿರಕ್ಕೆ ಸಾಗಿಸಲಾಯಿತು. 1944ರ ಬೆಂಕಿಯಲ್ಲಿ ಮನೆಗಳೂ ಸುಟ್ಟವು. 1945ರಲ್ಲಿ ಊರಿಗೆ ಮರಳುತ್ತಿದ್ದವರ ಹಡಗಿಗೇ ಬೆಂಕಿ ಬಿದ್ದು ಹಲವರು ಸತ್ತರು. ನನ್ನ ಪ್ರಕಾರ ಇದೇ ಅತ್ಯಂತ ನೋವಿನ ಸಂಗತಿ.

1948ರಲ್ಲಿ ದ್ವೀಪ ಗ್ರೀಸ್‌ಗೆ ಸೇರಿತು, ಅಷ್ಟರಲ್ಲಿ ಊರು ಬಹುಪಾಲು ಖಾಲಿ. 2011ರ ಗಣತಿಯಲ್ಲಿ ಇದ್ದದ್ದು 500ಕ್ಕೂ ಕಡಿಮೆ ಜನ. ಬೇಸಿಗೆಯಲ್ಲಿ ಮಾತ್ರ ಪ್ರವಾಸಿಗರ ಜೊತೆ ಆಸ್ಟ್ರೇಲಿಯಾದಿಂದ ಮೊಮ್ಮಕ್ಕಳೂ ಬರುತ್ತಾರೆ, ಅಜ್ಜಂದಿರ ಮನೆಗಳನ್ನು ರಿಪೇರಿ ಮಾಡಿಸುತ್ತಾರೆ.