ನಮ್ದೇ ಮಾಸ್ಟೊಡಾನ್ ಸರ್ವರ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಾಸ್ಟೊಡಾನ್ ಅಂದ್ರೆ ಟ್ವಿಟರ್ ತರದ ಸೋಶಿಯಲ್ ನೆಟ್‌ವರ್ಕ್, ಆದ್ರೆ ಯಾರು ಬೇಕಾದ್ರೂ ಸ್ವಂತ ಸರ್ವರ್ ನಡೆಸ್ಬಹುದು, ಆ ಸರ್ವರ್‌ಗಳು ಒಂದಕ್ಕೊಂದು ಪೋಸ್ಟ್ ಕಳಿಸ್ಕೊಳ್ತವೆ.

ಪ್ರಶ್ನೆ: ಸರ್, ನಾವು ಕಾಲೇಜ್ ಫ್ರೆಂಡ್ಸ್ ಮೂವತ್ತು ಜನ ಇದೀವಿ, ವಾಟ್ಸಾಪ್ ಗ್ರೂಪ್ ಸಾಕಾಗಿ ಹೋಗಿದೆ, ನಮ್ದೇ ಮಾಸ್ಟೊಡಾನ್ ಸರ್ವರ್ ಹಾಕ್ಕೊಳ್ಳೋಣ ಅಂತಿದೀವಿ. ಮನೇಲಿ 8 ಜಿಬಿ ರ‍್ಯಾಮ್ ಇರೋ ಹಳೇ ಡೆಸ್ಕ್‌ಟಾಪ್ ಇದೆ, ಫೈಬರ್ ಕನೆಕ್ಷನ್ ಇದೆ. ಅದ್ರಲ್ಲೇ ನಡೆಯುತ್ತಾ, ವಿಪಿಎಸ್ (ಬಾಡಿಗೆಗೆ ಸಿಗೋ ಆನ್‌ಲೈನ್ ಸರ್ವರ್) ತಗೋಬೇಕಾ?
- ಓದುಗರು, ಸಾಗರ

ಉತ್ತರ: ಮಷೀನ್ ಧಾರಾಳ ಸಾಕು, ತೊಂದ್ರೆ ಇರೋದು ಕನೆಕ್ಷನ್‌ದು. ನಮ್ಮಲ್ಲಿ ಮನೆ ಬ್ರಾಡ್‌ಬ್ಯಾಂಡ್ ಎಷ್ಟೋ ಕಡೆ ಸಿಜಿನ್ಯಾಟ್ ಹಿಂದೆ ಇರುತ್ತೆ, ಅಂದ್ರೆ ಒಂದೇ ಪಬ್ಲಿಕ್ ಐಪಿ ವಿಳಾಸನ ಬಹಳ ಮನೆಗಳಿಗೆ ಹಂಚಿರ್ತಾರೆ, ಹೊರಗಿನ ಸರ್ವರ್‌ಗಳಿಗೆ ನಿಮ್ಮ ಮಷೀನ್‌ಗೆ ನೇರ ಬರೋಕೆ ದಾರೀನೇ ಇರಲ್ಲ. ರೂಟರ್ ಪೇಜ್‌ನಲ್ಲಿ ವ್ಯಾನ್ ಐಪಿ (ರೂಟರ್‌ಗೆ ಇಂಟರ್ನೆಟ್ ಕಂಪನಿ ಕೊಟ್ಟಿರೋ ವಿಳಾಸ) ನೋಡಿ, 100.64ರಿಂದ 100.127ರ ಒಳಗಿದ್ರೆ ಇದೇ ಕತೆ. ಆಮೇಲೆ ನಿಮ್ಮೂರಿನ ಮಳೆಗಾಲದ ಕರೆಂಟ್ ಬಗ್ಗೆ ನಾನೇನು ಹೇಳೋದು. ಒಂದೆರಡು ದಿನ ಸರ್ವರ್ ಮಲಗಿದ್ರೆ ಚಿಂತೆ ಇಲ್ಲ, ಬೇರೆ ಸರ್ವರ್‌ಗಳು ಬಿಟ್ಟು ಬಿಟ್ಟು ಟ್ರೈ ಮಾಡ್ತವೆ, ಏಳು ದಿನ ಫೇಲ್ ಆದ್ರೆ ಮಾತ್ರ ಇದು ಸತ್ತಿದೆ ಅಂತ ಕಳಿಸೋದನ್ನೇ ನಿಲ್ಲಿಸ್ತವೆ. ಆದ್ರೆ ಸಿಜಿನ್ಯಾಟ್ ತೊಂದ್ರೆ ಹಾಗೇ ಇರುತ್ತಲ್ಲ, ಹಾಗಾಗಿ 4 ಜಿಬಿ ರ‍್ಯಾಮ್ ಇರೋ ವಿಪಿಎಸ್ ತಗೊಳ್ಳಿ.

ಇನ್‌ಸ್ಟಾಲ್ ಬಗ್ಗೆ ಎಲ್ರೂ ಹೆದರ್ತಾರೆ, ರೂಬಿ (ಪ್ರೋಗ್ರಾಮಿಂಗ್ ಭಾಷೆ), ಪೋಸ್ಟ್‌ಗ್ರೆಸ್ (ಡೇಟಾಬೇಸ್), ರೆಡಿಸ್ (ಫೀಡ್, ಕೆಲಸದ ಸಾಲು ಇಟ್ಕೊಳ್ಳೋದು), ಎನ್‌ಜಿನ್ಎಕ್ಸ್ (ವೆಬ್ ಸರ್ವರ್) ಅಂತ ಹೆಸರು ಕೇಳಿ. ಡಾಕ್ಯುಮೆಂಟೇಶನ್ ಇಟ್ಕೊಂಡು ಕೂತ್ರೆ ಒಂದು ಸಂಜೆ ಕೆಲಸ ಅಷ್ಟೇ. ಯೋಚನೆ ಮಾಡ್ಬೇಕಾಗಿರೋದು ಡೊಮೇನ್ (ಸರ್ವರ್‌ನ ವೆಬ್ ಹೆಸರು) ಬಗ್ಗೆ, ಸೆಟಪ್‌ನಲ್ಲಿ ಲೋಕಲ್ ಡೊಮೇನ್ ಅಂತ ಒಂದ್ಸಲ ಕೊಟ್ಟ್ರೆ ಮುಗೀತು, ಆಮೇಲೆ ಬದಲಾಯ್ಸೋಕಾಗಲ್ಲ, ಬೇರೆ ಸರ್ವರ್‌ಗಳೆಲ್ಲ ನಿಮ್ಮನ್ನ ಗುರುತು ಹಿಡಿಯೋದೇ ಆ ಹೆಸರಿಂದ. ತಮಾಷೆ ಹೆಸರು ಬೇಡ.

ಇನ್ನೊಂದು ಈಮೇಲ್. ಎಷ್ಟೋ ವಿಪಿಎಸ್ ಕಂಪನಿಗಳು ಪೋರ್ಟ್ 25 (ಮೇಲ್ ಹೊರಗೆ ಹೋಗೋ ದಾರಿ) ಬ್ಲಾಕ್ ಮಾಡಿರ್ತವೆ, ಬ್ಲಾಕ್ ಇಲ್ದಿದ್ರೂ ಹೊಸ ಐಪಿಯಿಂದ ಹೋದ ಮೇಲ್ ಸ್ಪ್ಯಾಮ್‌ಗೆ ಬೀಳುತ್ತೆ, ಆಗ ಕನ್ಫರ್ಮೇಶನ್ ಲಿಂಕ್ ಬಂದಿಲ್ಲ ಅಂತ ಮೂವತ್ತು ಜನಾನೂ ನಿಮಗೇ ಫೋನ್ ಮಾಡ್ತಾರೆ. ಮೇಲ್ ಕಳಿಸೋ ಸರ್ವಿಸ್ ಒಂದನ್ನ ಎಸ್ಎಮ್‌ಟಿಪಿ (ಮೇಲ್ ಕಳಿಸೋ) ಸೆಟಿಂಗ್‌ನಲ್ಲಿ ಸೇರಿಸ್ಬಿಡಿ.

ಅಂದಹಾಗೆ ಇದು ವಾಟ್ಸಾಪ್‌ಗೆ ಬದಲಿ ಅಲ್ಲ. ಮಾಸ್ಟೊಡಾನ್‌ನ ಪ್ರೈವೇಟ್ ಮೆಸೇಜ್ ಎಂಡ್ ಟು ಎಂಡ್ ಎನ್‌ಕ್ರಿಪ್ಟೆಡ್ ಅಲ್ಲ, ಅಡ್ಮಿನ್ ಆದ ನೀವು ಡೇಟಾಬೇಸ್ ತೆಗೆದ್ರೆ ಎಲ್ಲಾ ಓದ್ಬಹುದು. ಇದನ್ನ ಫ್ರೆಂಡ್ಸ್‌ಗೆ ಮೊದಲೇ ಹೇಳಿ.

ಪ್ರಶ್ನೆ: ಸರ್ವರ್‌ನಲ್ಲಿ ನಾವಿರೋದು ಐದೇ ಜನ, ನಮ್ಮ ಫೋಟೊ ಎಲ್ಲಾ ಸೇರಿ 2 ಜಿಬಿ ಇಲ್ಲ, ಆದ್ರೂ 80 ಜಿಬಿ ಡಿಸ್ಕ್ ಫುಲ್ ಆಗ್ತಾ ಬಂದಿದೆ. ಯಾರಾದ್ರೂ ಹ್ಯಾಕ್ ಮಾಡಿದಾರಾ?
- ಓದುಗರು, ಮಂಗಳೂರು

ಉತ್ತರ: ಹ್ಯಾಕೂ ಇಲ್ಲ ಏನೂ ಇಲ್ಲ, ಅದು ಬೇರೆಯವರ ಫೋಟೊ. ನೀವು ಫಾಲೋ ಮಾಡೋ ಪ್ರತಿಯೊಬ್ಬರ ಪೋಸ್ಟ್ ಜೊತೆ ಬರೋ ಫೋಟೊ, ವಿಡಿಯೊ, ಪ್ರೊಫೈಲ್ ಚಿತ್ರ ಎಲ್ಲದರ ಕಾಪಿ ನಿಮ್ಮ ಡಿಸ್ಕ್‌ಗೆ ಇಳಿಯುತ್ತೆ, ಪಬ್ಲಿಕ್ ಸಿಸ್ಟಮ್ ಫೋಲ್ಡರ್ ಒಳಗೆ ಕ್ಯಾಶ್ ಅಂತ ಇದ್ಯಲ್ಲ, ಅಲ್ಲಿ ಕೂತಿರುತ್ತೆ. ರಿಲೇ (ಬಹಳ ಸರ್ವರ್‌ಗಳ ಪಬ್ಲಿಕ್ ಪೋಸ್ಟ್ ಹಂಚೋ ಸರ್ವರ್) ಏನಾದ್ರೂ ಸೇರಿಸಿದ್ರೆ ನೀವು ಫಾಲೋ ಮಾಡದೇ ಇರೋರದ್ದೂ ಬರುತ್ತೆ, ಐದು ಜನರ ಸರ್ವರ್‌ಗೆ ರಿಲೇ ಯಾಕೆ ಬೇಕು ಅಂತ ನಂಗಂತೂ ಅರ್ಥ ಆಗಲ್ಲ.

ಮೊದಲು ಟೂಟ್‌ಸಿಟಿಎಲ್ (ಮಾಸ್ಟೊಡಾನ್‌ನ ಅಡ್ಮಿನ್ ಕಮಾಂಡ್) ಮೀಡಿಯಾ ಯೂಸೇಜ್ ಓಡಿಸಿ, ಯಾವ್ದು ಎಷ್ಟು ತಿಂದಿದೆ ಗೊತ್ತಾಗುತ್ತೆ. ಆಮೇಲೆ ಟೂಟ್‌ಸಿಟಿಎಲ್ ಮೀಡಿಯಾ ರಿಮೂವ್, ಏನೂ ಹೇಳ್ದಿದ್ರೆ ಏಳು ದಿನಕ್ಕಿಂತ ಹಳೇದನ್ನ ತೆಗೆಯುತ್ತೆ. ಲಿಂಕ್ ಪ್ರಿವ್ಯೂ ಚಿತ್ರಗಳಿಗೆ ಪ್ರಿವ್ಯೂ ಕಾರ್ಡ್ಸ್ ರಿಮೂವ್ ಅಂತ ಬೇರೆ ಕಮಾಂಡ್ ಇದೆ. ದಿನಾ ಮಾಡೋ ತಲೆನೋವು ಬೇಡ ಅಂದ್ರೆ ಅಡ್ಮಿನ್ ಸೆಟಿಂಗ್ಸ್‌ನಲ್ಲಿ ಕಂಟೆಂಟ್ ರಿಟೆನ್ಶನ್‌ಗೆ ಹೋಗಿ ದಿನ ಹಾಕ್ಬಿಡಿ, ತಾನೇ ಗುಡಿಸ್ಕೊಳ್ಳುತ್ತೆ. ಕೈಯಲ್ಲಿ ಆರ್‌ಎಮ್ (ಫೈಲ್ ಅಳಿಸೋ ಕಮಾಂಡ್) ಹೊಡೀಬೇಡಿ, ಫೈಲ್ ಹೋಗುತ್ತೆ, ಡೇಟಾಬೇಸ್‌ನಲ್ಲಿ ಎಂಟ್ರಿ ಹಾಗೇ ಉಳಿಯುತ್ತೆ, ಟೈಮ್‌ಲೈನ್ ತುಂಬಾ ಒಡೆದ ಚಿತ್ರ. ಡಿಸ್ಕ್ ಪೂರ್ತಿ ತುಂಬೋ ತನಕ ಕಾಯ್ಲೂಬೇಡಿ, ಪೋಸ್ಟ್‌ಗ್ರೆಸ್‌ಗೆ ಬರೆಯೋಕೆ ಜಾಗ ಇಲ್ದಿದ್ರೆ ಸರ್ವರ್ ಅಲ್ಲಿಗೇ ನಿಲ್ಲುತ್ತೆ.

ಬ್ಯಾಕಪ್‌ನಲ್ಲಿ ಈ ಕ್ಯಾಶ್ ಬಿಟ್ಬಿಡಿ. ಇಟ್ಕೋಬೇಕಾಗಿರೋದು ಪೋಸ್ಟ್‌ಗ್ರೆಸ್ ಡಂಪ್ (ಡೇಟಾಬೇಸ್‌ನ ಪೂರ್ತಿ ಕಾಪಿ), ನಿಮ್ಮವರು ಹಾಕಿದ ಫೋಟೊ, ಆಮೇಲೆ ಎಲ್ರೂ ಮರೆಯೋದು ಡಾಟ್ ಎನ್ವ್ ಡಾಟ್ ಪ್ರೊಡಕ್ಷನ್ ಅನ್ನೋ ಸೆಟಿಂಗ್ಸ್ ಫೈಲ್, ಸೀಕ್ರೆಟ್ ಕೀ ಎಲ್ಲಾ ಅದ್ರಲ್ಲೇ ಇರೋದು. ಅದಿಲ್ದೆ ಹೊಸ ಮಷೀನ್‌ನಲ್ಲಿ ರಿಸ್ಟೋರ್ ಮಾಡಿದ್ರೆ ಟೂ ಫ್ಯಾಕ್ಟರ್ ಲಾಗಿನ್ ಹಾಕಿರೋರು ಹೊರಗೇ. ರೆಡಿಸ್ ಹೋದ್ರೆ ಹೋಮ್ ಫೀಡ್‌ನ ಮತ್ತೆ ಕಟ್ಕೋಬಹುದು.

ಪ್ರಶ್ನೆ: ರಿಜಿಸ್ಟ್ರೇಶನ್ ಓಪನ್ ಇಟ್ಟ್ರೆ ಕನ್ನಡದೋರು ಜಾಸ್ತಿ ಬರ್ತಾರಲ್ವಾ?
- ಓದುಗರು, ಧಾರವಾಡ

ಉತ್ತರ: ಕನ್ನಡದೋರಿಗಿಂತ ಮುಂಚೆ ಬಾಟ್‌ಗಳು ಬರ್ತವೆ. 2024ರ ಫೆಬ್ರವರಿಯಲ್ಲಿ ಬಂದ ಸ್ಪ್ಯಾಮ್ ಅಲೆಗೆ ಬಳಸಿಕೊಂಡಿದ್ದೇ ಹೀಗೆ ಬಾಗಿಲು ತೆಗೆದಿಟ್ಟು ನೋಡೋರಿಲ್ದೇ ಬಿದ್ದಿದ್ದ ಸಣ್ಣ ಸರ್ವರ್‌ಗಳನ್ನ, ಅದಾದ್ಮೇಲೇ ಮಾಸ್ಟೊಡಾನ್‌ನೋರು ಹೊಸ ಸರ್ವರ್‌ಗಳಲ್ಲಿ ರಿಜಿಸ್ಟ್ರೇಶನ್ ಮೊದಲಿಂದಲೇ ಮುಚ್ಚಿರೋ ಹಾಗೆ ಡಿಫಾಲ್ಟ್ ಬದಲಾಯಿಸಿದ್ದು. ಅಪ್ರೂವಲ್ ಇಡಿ, ಅಂದ್ರೆ ನೀವು ಒಪ್ಪಿದ್ಮೇಲೇ ಅಕೌಂಟ್ ಸಿಗೋ ಹಾಗೆ, ಯಾಕೆ ಸೇರ್ತೀರಿ ಅಂತ ಕನ್ನಡದಲ್ಲೇ ಒಂದು ಸಾಲು ಬರೆಸಿ.

ಪ್ರಶ್ನೆ: ಸಾಕಾಯ್ತು, ವಿಪಿಎಸ್ ಡಿಲೀಟ್ ಮಾಡ್ಬಿಡ್ಲಾ?
- ಓದುಗರು, ಬೆಂಗಳೂರು

ಉತ್ತರ: ಸ್ವಲ್ಪ ತಡೀರಿ. ನಿಮ್ಮಲ್ಲಿರೋರು ಬೇರೆ ಸರ್ವರ್‌ಗೆ ಫಾಲೋವರ್‌ಗಳ ಸಮೇತ ಹೋಗ್ಬೇಕು ಅಂದ್ರೆ ಹಳೇ ಸರ್ವರ್ ಬದುಕಿರ್ಬೇಕು, ಹಳೇ ಪೋಸ್ಟ್ ಹೇಗೂ ಹೋಗಲ್ಲ. ಮೂರು ತಿಂಗಳು ಮುಂಚೆ ಎಲ್ರಿಗೂ ತಿಳಿಸಿ. ಆಮೇಲೆ ಟೂಟ್‌ಸಿಟಿಎಲ್ ಸೆಲ್ಫ್ ಡಿಸ್ಟ್ರಕ್ಟ್, ಅದು ಗೊತ್ತಿರೋ ಸರ್ವರ್‌ಗಳಿಗೆಲ್ಲ ಈ ಅಕೌಂಟ್‌ಗಳನ್ನ ಅಳಿಸಿ ಅಂತ ಹೇಳಿ ಕಳಿಸುತ್ತೆ. ಸೈಡ್‌ಕಿಕ್ ಕ್ಯೂ (ಬಾಕಿ ಇರೋ ಕೆಲಸಗಳ ಸಾಲು) ಖಾಲಿ ಆಗೋವರೆಗೂ ಮಷೀನ್ ಆಫ್ ಮಾಡ್ಬೇಡಿ, ಶುರು ಮಾಡಿದ್ಮೇಲೆ ವಾಪಸ್ ಬರೋಕೂ ಆಗಲ್ಲ.